ಕುದುರೆಯ ಹೊಟ್ಟೆಯ ಸ್ನಾಯು ನಿಜವಾಗಿ ದುಡಿಯುತ್ತಿದೆಯೇ: ಮೈಸೂರಿನಲ್ಲಿ ಮಾಡಿಸಿದ ಒಂದು ಇಎಂಜಿ ಅಳತೆಯ ವಿಮರ್ಶೆ

ನಮ್ಮ ಲಾಯದಲ್ಲಿ ಹನ್ನೊಂದು ವರ್ಷದ ಒಂದು ಹೆಣ್ಣು ಕುದುರೆ ಇದೆ. ರೇಸಿನಿಂದ ನಿವೃತ್ತಿಯಾದ, ಥರೋಬ್ರೆಡ್ ಎಂಬ ಓಟದ ತಳಿಯದು, ಮೈಸೂರಿನಿಂದ ತಿ. ನರಸೀಪುರದ ಕಡೆಗೆ ಹೋಗುವ ರಸ್ತೆಯಲ್ಲಿ, ವರುಣಾದ ಆಚೆಗಿರುವ ನಮ್ಮ ತೋಟದಲ್ಲಿ ಐದು ವರ್ಷಗಳಿಂದ ನಮ್ಮೊಂದಿಗಿದೆ. ಕಳೆದ ಮಳೆಗಾಲದ ಹೊತ್ತಿಗೆ ಅದರ ಬೆನ್ನು ತಗ್ಗಿ, ಹೊಟ್ಟೆ ಜೋತುಬಿದ್ದಂತೆ ಕಾಣಿಸತೊಡಗಿತು. ಜೀನು ಹಾಕಲು ಹತ್ತಿರ ಹೋದರೆ ಕಿವಿಯನ್ನು ಹಿಂದಕ್ಕೆ ಮಡಚುವ ಅಭ್ಯಾಸವೂ ಶುರುವಾಯಿತು. ಪಶುವೈದ್ಯರು ಮೊದಲು ಎಕ್ಸ್-ರೇ ತೆಗೆಸಿ, ಬೆನ್ನೆಲುಬಿನ ಮಣಿಗಳ ಮೇಲ್ಚಾಚುಗಳು ಒಂದಕ್ಕೊಂದು ತಾಗಿಕೊಂಡಿಲ್ಲ ಎಂಬುದನ್ನು ಖಚಿತಪಡಿಸಿಕೊಂಡು, ಜೀನಿನ ಅಳತೆಯನ್ನೂ ಹಲ್ಲನ್ನೂ ಪರೀಕ್ಷಿಸಿ, ಆಮೇಲೆ ಹೊಟ್ಟೆ ಮತ್ತು ಬೆನ್ನಿನ ಸ್ನಾಯುಗಳನ್ನು ಗಟ್ಟಿಗೊಳಿಸುವ ವ್ಯಾಯಾಮಗಳನ್ನು ಬರೆದುಕೊಟ್ಟರು. ಕ್ಯಾರೆಟ್ ತೋರಿಸಿ ಕುದುರೆಯ ಗದ್ದವನ್ನು ಎದೆಗೆ, ಮೊಣಕಾಲಿನ ಮಟ್ಟಕ್ಕೆ, ಪಕ್ಕೆಗೆ ತರಿಸುವುದು. ಹೊಟ್ಟೆಯ ಕೆಳಗೆ ಬೆರಳೊತ್ತಿ ಬೆನ್ನನ್ನು ಮೇಲೆತ್ತಿಸುವುದು. ನೆಲದ ಮೇಲಿಟ್ಟ ಗಳುಗಳನ್ನು ದಾಟಿಸುವುದು. ನಾಲ್ಕು ತಿಂಗಳು ಒಂದು ದಿನವೂ ಬಿಡದೆ ಮಾಡಿದೆವು. ಆದರೂ ನಾವು ಮಾಡಿಸುತ್ತಿರುವುದು ಸರಿಯಾದ ಸ್ನಾಯುವಿಗೆ ತಲುಪುತ್ತಿದೆಯೇ, ಅಥವಾ ಕುದುರೆ ಕ್ಯಾರೆಟ್ ತಿಂದು ಸುಮ್ಮನಾಗುತ್ತಿದೆಯೇ ಎಂದು ಹೇಳುವವರು ಯಾರೂ ಇರಲಿಲ್ಲ.

ಆ ಪ್ರಶ್ನೆಗೆ ಉತ್ತರ ಬೇಕೆಂದೇ ಮೈಸೂರಿನಿಂದ ಲಾಯಕ್ಕೆ ಬಂದು ಸ್ನಾಯುಗಳ ವಿದ್ಯುತ್ ಚಟುವಟಿಕೆಯನ್ನು (ಇಎಂಜಿ, ಅಂದರೆ ಎಲೆಕ್ಟ್ರೋಮಯೋಗ್ರಫಿ) ಅಳೆದುಕೊಡುವ ಒಂದು ಸಣ್ಣ ಸೇವೆಯನ್ನು ಕರೆಸಿದೆವು. ಇಬ್ಬರೇ ಇರುವ ತಂಡ: ಒಬ್ಬರು ಪಶುವೈದ್ಯೆ, ಇನ್ನೊಬ್ಬರು ಕ್ರೀಡಾಪಟುಗಳ ಸ್ನಾಯು ಪರೀಕ್ಷೆಯಲ್ಲಿ ಕೆಲಸ ಮಾಡಿ ಬಂದ ತಂತ್ರಜ್ಞ. ಬೆಳಿಗ್ಗೆ ಎಂಟೂವರೆಗೆ ಬಂದವರು ಹೊರಟಾಗ ಮಧ್ಯಾಹ್ನ ಒಂದು ಗಂಟೆ ಮೀರಿತ್ತು. ಓಡಾಟದ ಖರ್ಚು ಸೇರಿ 7,500 ರೂಪಾಯಿ ಕೊಟ್ಟೆವು. ವರದಿಯ ವಿಚಾರದಲ್ಲಿ ನನಗೆ ಗಂಭೀರವಾದ ತಕರಾರು ಇದ್ದುದರಿಂದ ಮತ್ತು ಅದನ್ನು ಅವರಿಗೆ ನೇರವಾಗಿಯೇ ತಿಳಿಸಿರುವುದರಿಂದ ಇಲ್ಲಿ ಅವರ ಹೆಸರು ಬರೆಯುತ್ತಿಲ್ಲ. ಇಂಥ ಅಳತೆ ಮಾಡಿಸಲು ಯೋಚಿಸುತ್ತಿರುವ ಕುದುರೆ ಸಾಕುವವರಿಗೆ ಹಣ ಕೊಡುವ ಮೊದಲು ಏನು ಕೇಳಬೇಕು, ಅಳೆಯುವಾಗ ಏನನ್ನು ಗಮನಿಸಬೇಕು ಎಂಬುದು ತಿಳಿದರೆ ಈ ಬರಹದಿಂದ ಪ್ರಯೋಜನವಾದಂತೆ.

ಕುದುರೆಯ ಎದೆಭಾಗದಲ್ಲಿ 18, ಸೊಂಟದಲ್ಲಿ ಸಾಮಾನ್ಯವಾಗಿ 6 ಬೆನ್ನೆಲುಬಿನ ಮಣಿಗಳಿರುತ್ತವೆ. ಆ ಉದ್ದನೆಯ ಸೇತುವೆಯ ಕೆಳಗೆ ನೂರು ಲೀಟರಿಗೂ ಹೆಚ್ಚು ಹಿಡಿಯುವ ಕರುಳು ತೂಗುತ್ತಿರುತ್ತದೆ; ಮೇಲೆ ನಾವು ಹತ್ತಿ ಕೂರುತ್ತೇವೆ. ಡಚ್ ಪ್ರಾಣಿವಿಜ್ಞಾನಿ ಸ್ಲೈಪರ್ 1946ರಲ್ಲಿ ಇದನ್ನು ಬಿಲ್ಲು ಮತ್ತು ಹೆದೆಗೆ ಹೋಲಿಸಿ ವಿವರಿಸಿದರು: ಬೆನ್ನೆಲುಬು ಬಿಲ್ಲು, ಹೊಟ್ಟೆಯ ಸ್ನಾಯುಗಳು ಹೆದೆ, ಹೆದೆ ಬಿಗಿದರೆ ಬಿಲ್ಲು ಬಾಗಿ ಮೇಲೇಳುತ್ತದೆ, ಹೆದೆ ಸಡಿಲವಾದರೆ ಬಿಲ್ಲು ತಗ್ಗುತ್ತದೆ. ನಮ್ಮ ಕುದುರೆಯ ತಗ್ಗಿದ ಬೆನ್ನನ್ನು ನೋಡಿದವರಿಗೆ ಈ ಹೋಲಿಕೆ ತಟ್ಟನೆ ಅರ್ಥವಾಗುತ್ತದೆ. ಬೆನ್ನು ತಗ್ಗಿದೆಯೆಂದು ಬೆನ್ನನ್ನೇ ತಿಕ್ಕುತ್ತ ಕೂರದೆ ಹೊಟ್ಟೆಯ ಕಡೆಗೆ ಗಮನ ಕೊಡಬೇಕೆಂದು ವೈದ್ಯರು ಹೇಳಿದ್ದೂ ಇದೇ ಕಾರಣಕ್ಕೆ. ಕ್ಯಾರೆಟ್ ವ್ಯಾಯಾಮಕ್ಕೂ ಆಧಾರವಿದೆ. ನರೆಲ್ ಸ್ಟಬ್ಸ್, ಹಿಲರಿ ಕ್ಲೇಟನ್ ಮತ್ತು ಅವರ ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟು ಕುದುರೆಗಳಿಗೆ ವಾರಕ್ಕೆ ಐದು ದಿನ, ಪ್ರತಿ ಭಂಗಿಯನ್ನೂ ಐದೈದು ಸಲ, ಮೂರು ತಿಂಗಳ ಕಾಲ ಮಾಡಿಸಿದಾಗ, ಬೆನ್ನೆಲುಬಿಗೆ ಅಂಟಿಕೊಂಡಿರುವ ಮಲ್ಟಿಫಿಡಸ್ ಎಂಬ ಆಳದ ಸ್ನಾಯು ದಪ್ಪವಾದದ್ದು ಅಲ್ಟ್ರಾಸೌಂಡಿನಲ್ಲಿ ಕಂಡುಬಂದಿತ್ತು.

ಇನ್ನು ಅಳತೆಯ ದಿನಕ್ಕೆ ಬರುತ್ತೇನೆ. ಸ್ನಾಯು ಸಂಕುಚಿಸುವಾಗ ಅದರ ನಾರುಗಳಲ್ಲಿ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಚರ್ಮದ ಮೇಲಿನಿಂದಲೇ ಹಿಡಿಯುವ ವಿಧಾನಕ್ಕೆ ಸರ್ಫೇಸ್ ಇಎಂಜಿ ಎನ್ನುತ್ತಾರೆ. ಸೂಜಿ ಚುಚ್ಚುವುದಿಲ್ಲ, ನೋವಿಲ್ಲ. ಆದರೆ ಕುದುರೆಯ ಮೈ ಮನುಷ್ಯನ ತೋಳಿನಂತೆ ಬೋಳಾಗಿರುವುದಿಲ್ಲವಾದ್ದರಿಂದ ಮೊದಲ ಒಂದು ಗಂಟೆ ಪೂರ್ತಿ ತಯಾರಿಗೇ ಹೋಯಿತು, ಮತ್ತು ಈ ತಂಡವನ್ನು ನಾನು ಮನಸಾರೆ ಮೆಚ್ಚಿದ್ದು ಆ ಒಂದು ಗಂಟೆಗಾಗಿಯೇ. ಪಶುವೈದ್ಯೆ ಕೊನೆಯ ಪಕ್ಕೆಲುಬನ್ನು ಬೆರಳಿನಿಂದ ಹುಡುಕಿ, ಅಲ್ಲಿಂದ ಮುಂದಕ್ಕೆ ಒಂದೊಂದೇ ಎಣಿಸುತ್ತ ಬಂದು, ಜೀನು ಕೂರುವ ಜಾಗದ ಹಿಂಬದಿಯಲ್ಲಿ ಬೆನ್ನಿನ ಉದ್ದ ಸ್ನಾಯುವಿನ ಮೇಲೆ ಚಾಕ್‌ಪೀಸಿನಿಂದ ಗುರುತು ಹಾಕಿದರು. ಹೊಟ್ಟೆಯ ಅಡಿಯಲ್ಲಿ, ನಡುಗೆರೆಯ ಪಕ್ಕಕ್ಕೆ, ಹೊಟ್ಟೆಯ ನೇರ ಸ್ನಾಯುವಿನ ಮೇಲೆ ಇನ್ನೊಂದು ಗುರುತು. ಎಡಕ್ಕೂ ಬಲಕ್ಕೂ ಒಂದೇ ರೀತಿ. ಗುರುತಿನ ಜಾಗದಲ್ಲಿ ಬೆಂಕಿಪೊಟ್ಟಣದಷ್ಟು ಅಗಲಕ್ಕೆ ಕೂದಲನ್ನು ಕ್ಲಿಪ್ಪರಿನಿಂದ ತೆಗೆದು, ರೇಜರಿನಿಂದ ನುಣುಪು ಮಾಡಿ, ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಮೂರು ಸಲ ಒರೆಸಿದರು. ಮೊದಲ ಸಲದ ಹತ್ತಿ ಕಪ್ಪಾಗಿ ಬಂತು, ಮೂರನೆಯದು ಬಿಳಿಯಾಗಿಯೇ ಉಳಿಯಿತು. ಆಮೇಲೆಯೇ ಎಲೆಕ್ಟ್ರೋಡ್, ಅಂದರೆ ಆ ವಿದ್ಯುತ್ತನ್ನು ಹಿಡಿಯುವ ಬಿಲ್ಲೆಗಳನ್ನು, ಅಂಟಿಸಿದರು. ಎರಡು ಎಲೆಕ್ಟ್ರೋಡುಗಳ ನಡುಬಿಂದುಗಳ ನಡುವೆ 20 ಮಿಲಿಮೀಟರ್ ಅಂತರವಿರಬೇಕೆಂಬುದು ಮನುಷ್ಯರ ಅಳತೆಗಾಗಿ ಯುರೋಪಿನಲ್ಲಿ ರೂಪುಗೊಂಡ ಶಿಫಾರಸು. ಇವರು ಅದನ್ನೇ ಅನುಸರಿಸಿ, ಎರಡನ್ನೂ ಸ್ನಾಯುವಿನ ನಾರು ಓಡುವ ದಿಕ್ಕಿಗೆ ಹೊಂದಿಸಿಟ್ಟರು. ಅಳೆಯುವವರು ಈ ಹಂತದಲ್ಲಿ ಅವಸರ ತೋರುತ್ತಿದ್ದಾರೆಂದು ಕಂಡರೆ ಅಲ್ಲಿಯೇ ನಿಲ್ಲಿಸಿ ಕೇಳಿ. ಕೊಳೆ ಮತ್ತು ಕೂದಲಿನ ಮೇಲೆ ಅಂಟಿಸಿದ ಎಲೆಕ್ಟ್ರೋಡಿನಿಂದ ಪರದೆಯ ಮೇಲೆ ಮೂಡುವ ಗೆರೆಗೆ ಬೆಲೆಯಿಲ್ಲ.

ಮೊದಲ ಅಡ್ಡಿ ನೊಣದಿಂದ ಬಂತು. ಕುದುರೆಗೆ ಚರ್ಮದ ಅಡಿಯಲ್ಲೇ ಹರಡಿಕೊಂಡಿರುವ ತೆಳುವಾದ ಒಂದು ಸ್ನಾಯುಪದರವಿದೆ. ನೊಣ ಕೂತೊಡನೆ ಮೈಯನ್ನು ಝಾಡಿಸಿ ಅದನ್ನು ಎಬ್ಬಿಸುವುದು ಆ ಪದರದ ಕೆಲಸ. ಎಲೆಕ್ಟ್ರೋಡಿಗೆ ಅದೇ ಎಲ್ಲಕ್ಕಿಂತ ಹತ್ತಿರದ ಸ್ನಾಯು. ಕುದುರೆ ಸುಮ್ಮನೆ ನಿಂತಿರುವಾಗಲೂ ಲ್ಯಾಪ್‌ಟಾಪಿನ ಪರದೆಯ ಮೇಲೆ ಚೂಪಾದ ಗೆರೆಗಳು ಎದ್ದೆದ್ದು ಬೀಳುತ್ತಿದ್ದುದನ್ನು ಕಂಡು ನಾನು ಹೊಟ್ಟೆಯ ಸ್ನಾಯುವೇ ಚುರುಕಾಗಿದೆ ಎಂದುಕೊಂಡೆ. ತಂತ್ರಜ್ಞರು ವಿಡಿಯೋವನ್ನು ಪಕ್ಕದಲ್ಲೇ ಓಡಿಸಿ ತೋರಿಸಿದಾಗ ಪ್ರತಿ ಚೂಪು ಗೆರೆಗೂ ಒಂದು ನೊಣ ಸಿಕ್ಕಿತು. ಆ ಬಳಿಕ ಹೊಟ್ಟೆಗೆ ಬೇವಿನೆಣ್ಣೆ ಸವರಿ, ಎಲೆಕ್ಟ್ರೋಡಿನ ಜಾಗವನ್ನು ಮಾತ್ರ ಬಿಟ್ಟು, ಫ್ಯಾನ್ ಹಚ್ಚಿ ಮುಂದುವರಿಸಿದರು. ವಿಡಿಯೋ ಮತ್ತು ಗೆರೆ ಒಂದೇ ಗಡಿಯಾರಕ್ಕೆ ಹೊಂದಿಕೊಂಡು ಓಡುವ ವ್ಯವಸ್ಥೆ ಇಲ್ಲದ ಸೇವೆಯನ್ನು ನಾನಂತೂ ಒಪ್ಪುವುದಿಲ್ಲ. ಮುಂಡದ ಮೇಲಿನ ಅಳತೆಯಲ್ಲಿ ಎದೆಬಡಿತದ ವಿದ್ಯುತ್ತೂ ಬಂದು ಸೇರಿಕೊಳ್ಳುತ್ತದೆ. ಅದನ್ನೂ ಕಾಲಿನ ಅಲುಗಾಟದಿಂದ ಬರುವ ನಿಧಾನ ಅಲೆಗಳನ್ನೂ ಫಿಲ್ಟರ್ ಹಾಕಿ ತೆಗೆಯಬೇಕಾಗುತ್ತದೆ. ಅದನ್ನು ಅವರು ಮಾಡಿದ್ದರು.

ಮುಂದಿನ ಪ್ರಶ್ನೆ ಹೋಲಿಕೆಯದು. ಮನುಷ್ಯನಿಗಾದರೆ "ಪೂರ್ತಿ ಬಲ ಹಾಕಿ ತಳ್ಳಿ" ಎಂದು ಹೇಳಿ, ಆಗ ಬರುವ ಗರಿಷ್ಠ ಅಳತೆಗೆ ಉಳಿದದ್ದನ್ನು ಹೋಲಿಸಬಹುದು. ಕುದುರೆಗೆ ಹಾಗೆ ಹೇಳಲು ಬರುವುದಿಲ್ಲ. ಆದ್ದರಿಂದ ಸಮನೆಲದಲ್ಲಿ ಅದೇ ದಿನ, ಅದೇ ಎಲೆಕ್ಟ್ರೋಡುಗಳೊಂದಿಗೆ, ಹಲವು ಹೆಜ್ಜೆ ನಡೆಸಿ, ಆ ನಡಿಗೆಯಲ್ಲಿ ಬಂದ ಅಳತೆಯನ್ನು ಆಧಾರವಾಗಿಟ್ಟುಕೊಂಡು ಉಳಿದ ವ್ಯಾಯಾಮಗಳನ್ನು ಅದಕ್ಕೆ ಹೋಲಿಸಿದರು. ಈ ಕಾರಣದಿಂದಲೇ ಒಂದು ಕುದುರೆಯ ಅಂಕಿಯನ್ನು ಇನ್ನೊಂದು ಕುದುರೆಯ ಅಂಕಿಯ ಪಕ್ಕದಲ್ಲಿಟ್ಟು ಯಾವುದು ಬಲಶಾಲಿ ಎಂದು ತೀರ್ಮಾನಿಸುವಂತಿಲ್ಲ. ಚರ್ಮದ ದಪ್ಪ, ಅದರಡಿಯ ಕೊಬ್ಬು, ಎಲೆಕ್ಟ್ರೋಡ್ ಒಂದು ಬೆರಳು ಅತ್ತಿತ್ತ ಸರಿದದ್ದು, ಎಲ್ಲವೂ ಅಂಕಿಯನ್ನು ಬದಲಾಯಿಸುತ್ತವೆ.

ಈಗ ನಾವು ಕಲಿತ ಪಾಠ. ಹೊಟ್ಟೆಯ ಕೆಳಗೆ ಬೆರಳೊತ್ತಿ ಬೆನ್ನೆತ್ತಿಸುವ ವ್ಯಾಯಾಮವನ್ನು ನಮ್ಮ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು, ನಾಲ್ಕು ತಿಂಗಳಿಂದ ದಿನವೂ ಶ್ರದ್ಧೆಯಿಂದ ಮಾಡಿಸುತ್ತಿದ್ದರು. ಅವರು ಎಂದಿನಂತೆ ಮಾಡಿ ತೋರಿಸಿದಾಗ ಕುದುರೆ ಬಾಲ ಬೀಸಿ ಮೈ ಅದುರಿಸಿತು, ಪರದೆಯ ಮೇಲೆ ಕ್ಷಣಮಾತ್ರದ ಒಂದು ಚೂಪು ಗೆರೆ ಎದ್ದು ಇಳಿಯಿತು. ನೊಣ ಕೂತಾಗ ಬಂದದ್ದೂ ಅದೇ ಗೆರೆ. ಪಶುವೈದ್ಯೆ ಹತ್ತಿರ ಬಂದು, "ಅಣ್ಣಾ, ನಿಮ್ಮ ಕೈ ತುಂಬ ಹಿಂದೆ ಇದೆ, ಮೆತ್ತಗಿರೋ ಹೊಟ್ಟೆ ಮೇಲೆ ಒತ್ತುತ್ತಾ ಇದ್ದೀರಿ, ಅದಕ್ಕೆ ಕಚಗುಳಿ ಆಗ್ತಿದೆ ಅಷ್ಟೆ. ಎದೆಮೂಳೆ ಸಿಗೋವರೆಗೂ ಮುಂದಕ್ಕೆ ಬನ್ನಿ, ಜೀನಿನ ಪಟ್ಟಿ ಕಟ್ಟೋ ಜಾಗಕ್ಕೆ" ಎಂದರು. ಸೈಸ್ ಕೈಯನ್ನು ಒಂದೂವರೆ ಗೇಣು ಮುಂದಕ್ಕೆ ತಂದು, ಎದೆಮೂಳೆಯ ನಡುಗೆರೆಯ ಮೇಲೆ ಬೆರಳ ತುದಿಗಳನ್ನಿಟ್ಟು, ಮೆಲ್ಲಗೆ ಒತ್ತುತ್ತ ಹೋದರು. ಮೊದಲ ಎರಡು ಸೆಕೆಂಡು ಏನೂ ಆಗಲಿಲ್ಲ. ಆಮೇಲೆ ಭುಜದ ಹಿಂದಿನ ಬೆನ್ನು ನಿಧಾನವಾಗಿ ಏಳತೊಡಗಿತು, ಕುತ್ತಿಗೆ ಕೆಳಗಿಳಿಯಿತು, ಪರದೆಯ ಮೇಲೆ ಹೊಟ್ಟೆಯ ನೇರ ಸ್ನಾಯುವಿನ ಗೆರೆ ಅಗಲವಾಗಿ ಹರಡಿಕೊಂಡು ಕೈ ತೆಗೆಯುವವರೆಗೂ ಹಾಗೆಯೇ ನಿಂತಿತು. "ಅಯ್ಯೋ ಮೇಡಂ, ಇಷ್ಟು ದಿನ ನಾನು ಮಾಡಿದ್ದೆಲ್ಲ ದಂಡ ಆಯ್ತಲ್ಲ" ಎಂದು ಅವರು ಬೇಸರಪಟ್ಟುಕೊಂಡರು. ದಂಡವಾದದ್ದು ನಿಜ, ಆದರೆ ತಪ್ಪು ಅವರದಲ್ಲ. ಕೈ ಎಲ್ಲಿಡಬೇಕೆಂದು ನಾವು ಯಾರೂ ಅವರಿಗೆ ಸರಿಯಾಗಿ ತೋರಿಸಿರಲಿಲ್ಲ. ಕೊಟ್ಟ ಹಣ ಈ ಹತ್ತು ನಿಮಿಷಕ್ಕೇ ಸಂದಾಯವಾಯಿತೆಂದು ನಾನು ಭಾವಿಸುತ್ತೇನೆ.

ಕ್ಯಾರೆಟ್ ವ್ಯಾಯಾಮದಲ್ಲಿಯೂ ಹೀಗೆಯೇ ಕೆಲವು ಮರೆಮಾಚುಗಳು ಬಯಲಾದವು. ಎಡ ಪಕ್ಕೆಯ ಕಡೆಗೆ ತಿರುಗುವಾಗ ಕುದುರೆ ನಾಲ್ಕೂ ಕಾಲನ್ನು ಊರಿಕೊಂಡು ಬೆನ್ನನ್ನು ಬಾಗಿಸುತ್ತಿತ್ತು. ಬಲಕ್ಕೆ ತಿರುಗುವಾಗ ಮಾತ್ರ ಹಿಂಗಾಲನ್ನು ಒಂದು ಹೆಜ್ಜೆ ಸರಿಸಿ ಇಡೀ ಮೈಯನ್ನೇ ತಿರುಗಿಸಿಬಿಡುತ್ತಿತ್ತು, ಆಗ ಬೆನ್ನಿನ ಗೆರೆ ಸುಮ್ಮನೆ ನಿಂತಾಗಿನ ಗೆರೆಗಿಂತ ಹೆಚ್ಚೇನೂ ಬೇರೆಯಾಗಿರಲಿಲ್ಲ. ಎಡಗಡೆಗೆ ಗೋಡೆ ಬರುವಂತೆ ನಿಲ್ಲಿಸಿಕೊಂಡು, ಕ್ಯಾರೆಟ್ಟನ್ನು ಸೊಂಟದವರೆಗೆ ಒಯ್ಯದೆ ಪಟ್ಟಿ ಕಟ್ಟುವ ಜಾಗಕ್ಕೇ ನಿಲ್ಲಿಸಿದಾಗ ಬಲಗಡೆಯ ಗೆರೆಯೂ ಎದ್ದಿತು. ಇನ್ನೊಂದು ವಿಷಯ, ಹೊತ್ತು. ಕುದುರೆ ಕ್ಯಾರೆಟ್ಟನ್ನು ಕಚ್ಚಿ ತಕ್ಷಣ ತಲೆಯೆತ್ತಿದರೆ ಸ್ನಾಯು ದುಡಿದದ್ದು ಒಂದು ಸೆಕೆಂಡು ಮಾತ್ರ. ಕ್ಯಾರೆಟ್ಟಿನ ತುದಿಯನ್ನು ಬಿಗಿಯಾಗಿ ಹಿಡಿದು ಸ್ವಲ್ಪಸ್ವಲ್ಪವೇ ಕಡಿಯಲು ಬಿಟ್ಟರೆ ಅದು ನಾಲ್ಕೈದು ಸೆಕೆಂಡು ಅದೇ ಭಂಗಿಯಲ್ಲಿ ನಿಲ್ಲುತ್ತದೆ. ನಾವು ಹಣ ಉಳಿಸಲು ಕ್ಯಾರೆಟ್ಟನ್ನು ತುಂಡು ಮಾಡಿ ಕೊಡುತ್ತಿದ್ದೆವು. ಉದ್ದನೆಯ ಇಡೀ ಕ್ಯಾರೆಟ್ಟೇ ಬೇಕು.

ನೆಲದ ಗಳುಗಳನ್ನು ದಾಟಿಸುವುದಕ್ಕೆ ಆರು ಸರ್ವೆ ಗಳುಗಳನ್ನು ಬಳಸಿದೆವು. ನಡಿಗೆಗೆ 85 ಸೆಂಟಿಮೀಟರ್ ಅಂತರ, ಟ್ರಾಟಿಗೆ, ಅಂದರೆ ಒಂದು ಬದಿಯ ಮುಂಗಾಲು ಮತ್ತು ಇನ್ನೊಂದು ಬದಿಯ ಹಿಂಗಾಲು ಜೋಡಿಯಾಗಿ ಏಳುವ ಓಟಕ್ಕೆ, 1.25 ಮೀಟರ್, ಇದು ನಮ್ಮ ಕುದುರೆಯ ಹೆಜ್ಜೆಗೆ ಹೊಂದಿಸಿದ ಲೆಕ್ಕ, ಬೇರೆ ಕುದುರೆಗೆ ಬೇರೆಯಾಗುತ್ತದೆ. ಸಮನೆಲದ ಟ್ರಾಟಿನಲ್ಲಿಯೇ ಬೆನ್ನಿನ ಉದ್ದ ಸ್ನಾಯು ಪ್ರತಿ ಪೂರ್ಣ ಹೆಜ್ಜೆಗೆ ಎರಡು ಸಲ ಎಚ್ಚರಗೊಳ್ಳುವುದು ಗೆರೆಯಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಪ್ರತಿ ಸಲ ಕಾಲಿನ ಜೋಡಿ ನೆಲಕ್ಕೂರಿದಾಗ ಕರುಳಿನ ಭಾರಕ್ಕೆ ಬೆನ್ನು ತಗ್ಗದಂತೆ ಹೊಟ್ಟೆಯ ಸ್ನಾಯು ತಡೆಹಿಡಿಯುತ್ತದೆ. ಗಳುಗಳ ಮೇಲೆ ಬಂದಾಗ ಬೆನ್ನಿನದೂ ಹೊಟ್ಟೆಯದೂ ಎರಡೂ ಗೆರೆಗಳು ಸಮನೆಲಕ್ಕಿಂತ ಎತ್ತರಕ್ಕೆದ್ದವು. ಇದು ವಿದೇಶಗಳಲ್ಲಿ ನಡೆದ ಇಂಥ ಅಳತೆಗಳಿಗೂ ಹೊಂದುವ ಫಲಿತಾಂಶ. ಹೊಟ್ಟೆಯ ಸುತ್ತ ಎಲಾಸ್ಟಿಕ್ ಪಟ್ಟಿ ಕಟ್ಟಿ ಓಡಿಸುವ ಪ್ರಯೋಗವನ್ನೂ ಮಾಡಿದರು. ಆದರೆ ಪಟ್ಟಿ ಎಲೆಕ್ಟ್ರೋಡಿಗೆ ಉಜ್ಜಿ ಗೆರೆ ಕೆಟ್ಟಿತೆಂದು ಅವರೇ ಹೇಳಿ, ಆ ಭಾಗವನ್ನು ವರದಿಯಿಂದ ಕೈಬಿಟ್ಟರು. ಕೆಟ್ಟ ಅಳತೆಯನ್ನು ಕೆಟ್ಟದ್ದೆಂದು ಒಪ್ಪಿ ಬಿಸುಡುವ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು.

ಅಷ್ಟು ಪ್ರಾಮಾಣಿಕರಾದ ಅವರಿಂದ ಎಂಟು ದಿನದ ಬಳಿಕ ಬಂದ ವರದಿಯನ್ನು ಓದಿದಾಗ ನನಗಾದ ನಿರಾಸೆಯನ್ನು ಮರೆಮಾಚುವುದಿಲ್ಲ. ಹನ್ನೆರಡು ಪುಟಗಳ ಬಣ್ಣದ ವರದಿಯ ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ ಕುದುರೆಯ "ಕೋರ್ ಶಕ್ತಿ"ಗೆ, ಅಂದರೆ ಮುಂಡವನ್ನು ಹಿಡಿದಿಡುವ ಸ್ನಾಯುಗಳ ಶಕ್ತಿಗೆ, ನೂರಕ್ಕೆ ಇಷ್ಟು ಎಂದು ಒಂದು ಅಂಕ ಕೊಟ್ಟಿದ್ದರು. ಈ ಅಂಕ ಎರಡು ಕಾರಣಗಳಿಂದ ತಪ್ಪು. ಇಎಂಜಿ ತೋರಿಸುವುದು ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು, ಬಲವನ್ನಲ್ಲ. ದಣಿದ ಸ್ನಾಯು ಅದೇ ಕೆಲಸಕ್ಕೆ ಹೆಚ್ಚು ವಿದ್ಯುತ್ ತೋರಿಸಬಹುದು, ಪಳಗಿದ ಸ್ನಾಯು ಕಡಿಮೆ ತೋರಿಸಬಹುದು, ಹಾಗಾಗಿ ಅಂಕಿ ಏರಿದ ಮಾತ್ರಕ್ಕೆ ಬಲ ಏರಿತೆಂದು ಹೇಳಲಾಗದು. ಎರಡನೆಯದು ಇನ್ನೂ ಮುಖ್ಯ: ಕೋರ್ ಎಂದು ಹೇಳುವಾಗ ನಮ್ಮ ಮನಸ್ಸಿನಲ್ಲಿರುವ ಮಲ್ಟಿಫಿಡಸ್ ಬೆನ್ನೆಲುಬಿನ ಪಕ್ಕದಲ್ಲಿ, ಉದ್ದ ಸ್ನಾಯುವಿನ ಅಡಿಯಲ್ಲಿ ಹುದುಗಿದೆ, ಚರ್ಮದ ಮೇಲಿನ ಎಲೆಕ್ಟ್ರೋಡ್ ಅದನ್ನು ಮುಟ್ಟುವುದಿಲ್ಲ. ಅದರ ಚಟುವಟಿಕೆ ಬೇಕಾದರೆ ತಂತಿಯನ್ನು ಸೂಜಿಯ ಮೂಲಕ ಒಳಗಿಳಿಸಬೇಕು, ಗಾತ್ರ ಬೇಕಾದರೆ ಅಲ್ಟ್ರಾಸೌಂಡ್ ಬೇಕು. ಮುಟ್ಟದ ಸ್ನಾಯುವಿಗೂ ಸೇರಿಸಿ ಅಂಕ ಕೊಡುವುದು ಕುದುರೆಯನ್ನು ಪ್ರೀತಿಸುವ ಜನರನ್ನು ದಾರಿ ತಪ್ಪಿಸುತ್ತದೆ. ಮೂರು ತಿಂಗಳ ನಂತರ ಆ ಅಂಕ ಎರಡು ಕಡಿಮೆಯಾದರೆ ಯಾರಾದರೂ ವ್ಯಾಯಾಮವನ್ನೇ ನಿಲ್ಲಿಸಿಬಿಡಬಹುದು. ಹೆಚ್ಚಾದರೆ ಇನ್ನೂ ಗುಣವಾಗದ ಬೆನ್ನಿನ ಮೇಲೆ ಜೀನು ಹಾಕಿ ಹತ್ತಿಬಿಡಬಹುದು.

ಮೂಲ ಗೆರೆಗಳನ್ನು ವರದಿಯಲ್ಲಿ ಕೊಟ್ಟಿರಲಿಲ್ಲ, ಕೇಳಿ ಪಡೆಯಬೇಕಾಯಿತು. ಎಲೆಕ್ಟ್ರೋಡ್ ಎಲ್ಲಿ ಅಂಟಿಸಿದ್ದರೆಂಬ ಅಳತೆಯನ್ನೂ ಬರೆದಿಟ್ಟಿರಲಿಲ್ಲ. ಚಾಕ್‌ಪೀಸಿನ ಗುರುತು ಅಂದೇ ಸಂಜೆ ಮೈ ತೊಳೆದಾಗ ಹೋಯಿತು. ಅಷ್ಟು ಕಷ್ಟಪಟ್ಟು ಪಕ್ಕೆಲುಬು ಎಣಿಸಿದವರು ಆ ಎಣಿಕೆಯನ್ನು ಕಾಗದಕ್ಕಿಳಿಸದಿದ್ದರೆ ಎರಡನೆಯ ಸಲದ ಹೋಲಿಕೆ ಹೇಗೆ ಸಾಧ್ಯ? ಕೂದಲು ಬೋಳಿಸಿದ ಜಾಗಗಳು ಇನ್ನೂ ಕಾಣುತ್ತಿದ್ದುದರಿಂದ ನಾನೇ ಟೇಪು ಹಿಡಿದು, ಹೆಗಲ ಏರಿನಿಂದ ಮತ್ತು ಬೆನ್ನಿನ ನಡುಗೆರೆಯಿಂದ ಎಷ್ಟು ದೂರವೆಂದು ಬರೆದು, ಟೇಪು ಕಾಣುವಂತೆ ಫೋಟೋ ತೆಗೆದಿಟ್ಟುಕೊಂಡೆ. ವರದಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ದಿನವೂ ವ್ಯಾಯಾಮ ಮಾಡಿಸುವುದು ಸೈಸ್ ಆಗಿರುವಾಗ, ಅವರಿಗೆ ಓದಲಾಗದ ವರದಿ ಯಾರಿಗಾಗಿ? ಕನಿಷ್ಠ ಒಂದು ಪುಟದಷ್ಟಾದರೂ ಕನ್ನಡದಲ್ಲಿ, ಕೈ ಎಲ್ಲಿಡಬೇಕು, ಎಷ್ಟು ಹೊತ್ತು, ಎಷ್ಟು ಸಲ ಎಂದು ಚಿತ್ರದೊಂದಿಗೆ ಕೊಡಬೇಕಿತ್ತು.

ಇದೆಲ್ಲವನ್ನೂ ಫೋನಿನಲ್ಲಿ ಹೇಳಿದಾಗ ಅವರು ವಾದಿಸಲಿಲ್ಲ. ಐದು ದಿನದಲ್ಲಿ ಅಂಕವನ್ನು ತೆಗೆದುಹಾಕಿ, ಗೆರೆಗಳನ್ನು ವಿಡಿಯೋ ಸಮೇತ ಸೇರಿಸಿ, ಸೈಸ್‌ಗಾಗಿ ಕನ್ನಡದ ಒಂದು ಪುಟವನ್ನೂ ಇಟ್ಟು ಹೊಸ ವರದಿ ಕಳಿಸಿದರು. ಆ ಪುಟ ಈಗ ನಮ್ಮ ಲಾಯದಲ್ಲಿ ಹುರುಳಿಯ ಡಬ್ಬದ ಮೇಲಿನ ಗೋಡೆಗೆ ಅಂಟಿಕೊಂಡಿದೆ.

ಈ ಅಳತೆ ಯಾರಿಗೆ ಬೇಕು ಎಂದು ಕೇಳಿದರೆ, ನೋವಿಗೆ ಕಾರಣ ಗೊತ್ತಿಲ್ಲದ ಕುದುರೆಗೆ ಮೊದಲು ಇದು ಬೇಡ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಕುಂಟು, ಹಲ್ಲು, ಗೊರಸು, ಜೀನು ಇವುಗಳ ಪರೀಕ್ಷೆ ಮುಗಿದು, ವೈದ್ಯರು ವ್ಯಾಯಾಮ ಬರೆದುಕೊಟ್ಟು, ಒಂದೆರಡು ತಿಂಗಳು ಮಾಡಿಸಿದ ಮೇಲೆ ಕರೆಸಿದರೆ ಇದರ ಪೂರ್ತಿ ಲಾಭ ಸಿಗುತ್ತದೆ, ಏಕೆಂದರೆ ಇದು ರೋಗವನ್ನು ಹುಡುಕುವುದಿಲ್ಲ, ನಮ್ಮ ಕೈಯ ತಪ್ಪನ್ನು ಹುಡುಕಿಕೊಡುತ್ತದೆ. ಮೈಸೂರಿನಲ್ಲಿ ಇದಕ್ಕೆ ಕುದುರೆಗಳ ಕೊರತೆಯಿಲ್ಲ. ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್ ಕೋರ್ಸಿನಿಂದ ನಿವೃತ್ತಿಯಾಗಿ ಹೊಸ ಯಜಮಾನರ ಕೈಸೇರುವ ಕುದುರೆಗಳಿವೆ; ಜಂಬೂ ಸವಾರಿಯಲ್ಲಿ ಸವಾರರನ್ನು ಹೊತ್ತು ಗಂಟೆಗಟ್ಟಲೆ ಡಾಂಬರಿನ ಮೇಲೆ ಹೆಜ್ಜೆ ಹಾಕುವ ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳಿವೆ; ಅರಮನೆಯ ಸುತ್ತ ಟಾಂಗಾ ಎಳೆಯುವ ಕುದುರೆಗಳಂತೂ ಕಣ್ಣೆದುರೇ ಬೆನ್ನು ತಗ್ಗಿಸಿಕೊಂಡು ನಿಂತಿರುತ್ತವೆ. ಟಾಂಗಾದವರಿಗೆ 7,500 ರೂಪಾಯಿ ಕೊಡುವ ಶಕ್ತಿ ಇಲ್ಲ. ಆದರೆ ಎದೆಮೂಳೆಯ ಮೇಲೆ ಕೈ ಇಡುವ ಜಾಗವನ್ನು ಒಂದು ಸಲ ತೋರಿಸಿಕೊಡಲು ಯಂತ್ರ ಬೇಕಿಲ್ಲ. ಈ ತಂಡ ತಿಂಗಳಿಗೊಂದು ಬೆಳಿಗ್ಗೆಯನ್ನು ಅದಕ್ಕೆ ಮೀಸಲಿಡಬೇಕೆಂದು ನಾನು ಅವರನ್ನು ಕೇಳಿಕೊಂಡಿದ್ದೇನೆ, ಯೋಚಿಸುತ್ತೇವೆ ಎಂದಿದ್ದಾರೆ.

ಎರಡನೆಯ ಅಳತೆಗೆ 5,000 ರೂಪಾಯಿ ಹೇಳಿದ್ದಾರೆ, ದಸರಾ ಮುಗಿದ ವಾರಕ್ಕೆ ಗೊತ್ತುಮಾಡಿದ್ದೇವೆ. ಟೇಪಿನ ಫೋಟೋಗಳನ್ನು ಅವರಿಗೆ ಮೊದಲೇ ಕಳಿಸಿದ್ದೇನೆ. ಈ ಸಲ ಎಂಟೂವರೆಗಲ್ಲ, ಆರೂವರೆಗೇ ಬರಬೇಕೆಂದು ಕೇಳಿದ್ದೇನೆ. ಆ ಹೊತ್ತಿನಲ್ಲಿ ಬೆವರೂ ಇರುವುದಿಲ್ಲ, ನೊಣವೂ ಕಡಿಮೆ.